ಗಾಜು ಒಡೆದವರು ಪ್ರೇಕ್ಷಕರಲ್ಲ

ಭಾಗ 1/8

ಹೋದ ತಿಂಗಳು ಬ್ರಹ್ಮಗಿರಿ ಶಾಸನದ ಫೋಟೋ ಹಾಕಿದ್ದೆ, ನೆನಪಿದೆಯಾ? ಅವತ್ತು ರಾತ್ರಿ ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಬಂತು. ಮೊಳಕಾಲ್ಮೂರು ಕಡೆಯವರು. "ಅಣ್ಣಾ, ಕೋಟೆ, ಶಾಸನ, ಜಾತ್ರೆ ಎಲ್ಲದರ ಇತಿಹಾಸ ಬರೀತೀರಿ. ನಮ್ಮಂಥವರದ್ದು ಯಾವತ್ತಾದ್ರೂ ಬರೀತೀರಾ?"

ನಮ್ಮಂಥವರು ಅಂದ್ರೆ ಯಾರು ಅಂತ ಕೇಳಿದೆ. ಉತ್ತರ ಬರೋಕೆ ಎರಡು ದಿನ ಹಿಡೀತು. ಬಂದದ್ದು ಒಂದೇ ಅಕ್ಷರ: "ಗೇ."

ಆಮೇಲೆ ಇನ್ನೊಂದು ಸಾಲು: "ಫೈರ್ ಅಂತ ಒಂದು ಸಿನಿಮಾ ಬಂದಿತ್ತಂತಲ್ಲ. ಜನ ಒಪ್ಪಲಿಲ್ಲ, ಟಾಕೀಸು ಒಡೆದುಹಾಕಿದ್ರು ಅಂತಾರೆ. ನಮ್ಮ ಜನ ಇದನ್ನ ಒಪ್ಪೋದೇ ಇಲ್ವಾ ಅಣ್ಣಾ?"

ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸಾಗಲಿಲ್ಲ. ಅವರ ಒಪ್ಪಿಗೆ ಪಡೆದೇ ಈ ಸರಣಿ ಬರೀತಿದ್ದೀನಿ. ಗುರುತು ಹೇಳಲ್ಲ, ದಯವಿಟ್ಟು ಊಹೆ ಮಾಡೋಕೂ ಹೋಗಬೇಡಿ. ನಿಮ್ಮ ಊರಲ್ಲೂ ಇಂಥ ಒಬ್ಬರು ಇರ್ತಾರೆ, ಅಷ್ಟು ತಿಳ್ಕೊಂಡ್ರೆ ಸಾಕು.

"ಜನ ಒಪ್ಪಲಿಲ್ಲ" ಅನ್ನೋ ಮಾತನ್ನ ನಾವು ಎಷ್ಟು ಸಲೀಸಾಗಿ ಆಡ್ತೀವಿ ನೋಡಿ. ಯಾವ ಜನ? ಟಿಕೆಟ್ ತಗೊಂಡು ಒಳಗೆ ಕೂತವರಾ, ಟಿಕೆಟ್ ತಗೊಳ್ಳದೆ ಹೊರಗಿಂದ ನುಗ್ಗಿದವರಾ? ಇತಿಹಾಸ ಬರೆಯೋರು ಈ ಎರಡು ಗುಂಪನ್ನ ಬೇರೆ ಬೇರೆ ಇಡಬೇಕು. ಇಡದೇ ಹೋದ್ರೆ ಗಲಾಟೆ ಮಾಡಿದವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯ ಅಂತ ದಾಖಲಾಗಿಬಿಡುತ್ತೆ.

ಶುರು ಮಾಡೋದು ದೆಹಲಿ, ಮುಂಬೈಯಿಂದ ಅಲ್ಲ. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ. ಯಾಕೆ ಅಂತ ಮುಂದಿನ ಭಾಗದಲ್ಲಿ ಗೊತ್ತಾಗುತ್ತೆ.

ಭಾಗ 2/8

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಸಿಗೋ ಊರು ತಳುಕು. ಬಸ್ಸಲ್ಲಿ ಎಷ್ಟು ಸಲ ದಾಟಿದ್ದೀರೋ! ತ.ರಾ.ಸು. ಅನ್ನೋ ಹೆಸರಿನ ಮೊದಲ ಅಕ್ಷರ ಇದೇ ಊರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯ. ಕುವೆಂಪು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರೂ ಇದೇ ಮನೆತನದವರು.

ತ.ರಾ.ಸು. ಬರೆದ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಈ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದ್ರು. 1972ರ ಡಿಸೆಂಬರ್ ಕೊನೆಗೆ ತೆರೆಕಂಡ 'ನಾಗರಹಾವು'. ವಿಷ್ಣುವರ್ಧನ್ ರಾಮಾಚಾರಿ ಆದ್ರು, ಅಶ್ವಥ್ ಚಾಮಯ್ಯ ಮೇಷ್ಟ್ರಾದ್ರು, ಅಂಬರೀಶ್ ಜಲೀಲನಾಗಿ ಬಂದ್ರು. ಚಿತ್ರದುರ್ಗದ ಕೋಟೆ ಕರ್ನಾಟಕದ ಮನೆಮನೆಗೂ ಹೋಯ್ತು.

ಕಥೆ ನಿಮಗೆ ಬಾಯಿಪಾಠ ಇರಬಹುದು. ಆದರೂ ಒಂದು ಸಲ ಬೇರೆ ಕಣ್ಣಿಂದ ನೋಡಿ. ರಾಮಾಚಾರಿ ಮೊದಲು ಅಲಮೇಲುವನ್ನ ಪ್ರೀತಿಸ್ತಾನೆ. ಜಾತಿ ಅಡ್ಡ ಬರುತ್ತೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವಳನ್ನ ಬಿಟ್ಟುಕೊಡ್ತಾನೆ, ಅವಳ ಬದುಕು ಹಾಳಾಗುತ್ತೆ. ಆಮೇಲೆ ಕ್ರೈಸ್ತರ ಹುಡುಗಿ ಮಾರ್ಗರೆಟ್. ಈ ಸಲ ಧರ್ಮ ಅಡ್ಡ. ಮತ್ತೆ ಅದೇ ಮೇಷ್ಟ್ರು, ಅದೇ ಬುದ್ಧಿವಾದ. ಕೊನೆಗೆ ಬೆಟ್ಟದ ಮೇಲೆ ಮೇಷ್ಟ್ರೂ ಇಲ್ಲ, ರಾಮಾಚಾರಿಯೂ ಇಲ್ಲ, ಮಾರ್ಗರೆಟ್ಟೂ ಇಲ್ಲ.

ಈ ಸಿನಿಮಾದ ಬಗ್ಗೆ ಕೋಪ ಮಾಡಿಕೊಂಡವರಲ್ಲಿ ಎಲ್ಲರಿಗೂ ಗೊತ್ತಿರೋರು ಸ್ವತಃ ತ.ರಾ.ಸು. ತಮ್ಮ ನಾಗರಹಾವನ್ನ ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂದದ್ದು ಇವತ್ತಿಗೂ ಜನರ ಬಾಯಲ್ಲಿದೆ. ವಿಷ ತೆಗೆದುಬಿಟ್ರಿ ಅನ್ನೋದು ಅವರ ದೂರು. ಅಷ್ಟು ಕೋಪ ಬಂದರೂ ಅದು ಮಾತಲ್ಲೇ ಮುಗೀತು.

ಪ್ರೇಕ್ಷಕರು ಮಾತ್ರ ಸಿನಿಮಾವನ್ನ ಎದೆಗೆ ಅಪ್ಪಿಕೊಂಡ್ರು. ಬ್ರಾಹ್ಮಣರ ಹುಡುಗ ಕ್ರೈಸ್ತರ ಹುಡುಗಿಯ ಕೈ ಹಿಡಿದು ಓಡೋದನ್ನ ನೋಡಿ, ಅವರ ಪರವಾಗಿ ಅತ್ತರು. ಐವತ್ತು ವರ್ಷ ಆದಮೇಲೂ ಅಳ್ತಾರೆ.

ಹಾಗಾದ್ರೆ ನಮ್ಮ ಜನ ಧರ್ಮ ಮೀರಿದ ಪ್ರೀತಿಯನ್ನ ಒಪ್ಪಿದ್ರು ಅಂತಾನಾ? ಇಲ್ಲೇ ಒಂದು ಗಂಟಿದೆ.

ಭಾಗ 3/8

ಆ ಗಂಟು ಏನು ಅಂದ್ರೆ, ನಾವು ಅತ್ತದ್ದು ಸತ್ತವರಿಗೆ.

ರಾಮಾಚಾರಿ ಮಾರ್ಗರೆಟ್‌ಳನ್ನ ಮದುವೆಯಾಗಿ ದುರ್ಗದ ಬೀದಿಯಲ್ಲೇ ಒಂದು ಬಾಡಿಗೆ ಮನೆ ಮಾಡಿದ್ದಿದ್ರೆ? ಬೆಳಿಗ್ಗೆ ಹಾಲು ತರೋಕೆ ಹೋಗಿ, ಸಂಜೆ ಅವಳ ಜೊತೆ ಚರ್ಚಿನವರೆಗೂ ನಡೆದು ಬಂದಿದ್ದಿದ್ರೆ? ಆಗಲೂ ನಾವು ಚಪ್ಪಾಳೆ ತಟ್ಟುತ್ತಿದ್ವಾ? ನಿಜ ಹೇಳಿ.

ಪ್ರೇಮಿಗಳು ಬೆಟ್ಟದಿಂದ ಬಿದ್ದಾಗ ಎರಡು ಕೆಲಸ ಒಟ್ಟಿಗೆ ಆಗುತ್ತೆ. ಒಂದು, ನಮ್ಮ ಕಣ್ಣು ಒದ್ದೆ ಆಗುತ್ತೆ. ಇನ್ನೊಂದು, ನಮ್ಮ ಕಟ್ಟಳೆ ಹಾಗೇ ಉಳಿಯುತ್ತೆ. ಮರುಕವನ್ನೂ ಪಟ್ಟೆವು, ಮನೆಗೆ ಹೋಗಿ ಮಗಳಿಗೆ ಸ್ವಜಾತಿ ಗಂಡನ್ನೂ ಹುಡುಕಿದೆವು. ಎರಡಕ್ಕೂ ಜಗಳವೇ ಇಲ್ಲ.

ಇದು ನಾಗರಹಾವು ಒಂದರ ವಿಷಯ ಅಲ್ಲ. ಕಟ್ಟು ಮೀರಿದ ಪ್ರೀತಿಯ ಕಥೆ ಹೇಳುವ ಎಷ್ಟೋ ಸಿನಿಮಾ, ಎಷ್ಟೋ ಲಾವಣಿ ಇದೇ ಒಪ್ಪಂದದ ಮೇಲೆ ನಡೆದಿವೆ. ಹಾಡು ಹೇಳಿ, ಓಡಿಹೋಗಲಿ, ಕೊನೆಗೆ ಸಾಯಲಿ. ಸತ್ತರೆ ಗುಡಿ ಕಟ್ಟೋಕೂ ನಾವು ರೆಡಿ. ಬದುಕಿದ್ರೆ ಪಂಚಾಯ್ತಿ.

ಪುಟ್ಟಣ್ಣನವರನ್ನ ದೂರೋಕೆ ಇದನ್ನ ಹೇಳ್ತಿಲ್ಲ. ಬುದ್ಧಿ ಹೇಳಿದ ಮೇಷ್ಟ್ರು ಕೆಟ್ಟವರಲ್ಲ, ಆದರೂ ಆ ಬುದ್ಧಿಮಾತೇ ಮೂರು ಬದುಕು ನುಂಗಿತು ಅಂತ ತೋರಿಸಿದ್ದು ಸಣ್ಣ ವಿಷಯ ಅಲ್ಲ. ಚಾಮಯ್ಯ ಮೇಷ್ಟ್ರು ಪ್ರೀತಿಯಿಂದಲೇ ಹಾಳು ಮಾಡ್ತಾರೆ. ನನಗೆ ಮೆಸೇಜ್ ಮಾಡಿದವರೂ ಒಂದು ಮಾತು ಹೇಳಿದ್ರು: "ಬೈಯೋರನ್ನ ತಡ್ಕೋಬಹುದು ಅಣ್ಣಾ, ಒಳ್ಳೇದಕ್ಕೇ ಹೇಳ್ತೀವಿ ಅನ್ನೋರನ್ನ ತಡ್ಕೊಳ್ಳೋದು ಕಷ್ಟ."

ಈಗ ಇಪ್ಪತ್ತಾರು ವರ್ಷ ಮುಂದಕ್ಕೆ ಹೋಗೋಣ, 1998ಕ್ಕೆ. ಬೆಟ್ಟದಿಂದ ಬೀಳದೇ ಇದ್ದ ಇಬ್ಬರ ಕಥೆಗೆ. ಅವರಿಬ್ಬರೂ ಹೆಂಗಸರು.

ಭಾಗ 4/8

'ಫೈರ್' ಸಿನಿಮಾವನ್ನ ದೀಪಾ ಮೆಹ್ತಾ ಮಾಡಿದ್ದು 1996ರಲ್ಲಿ. ದೆಹಲಿಯ ಒಂದು ಮಧ್ಯಮವರ್ಗದ ಕೂಡುಕುಟುಂಬ. ಕೆಳಗೆ ಅಂಗಡಿ, ಮೇಲೆ ಮನೆ. ಇಬ್ಬರು ಸೊಸೆಯರು. ಹಿರಿಯವಳು ರಾಧಾ, ಶಬಾನಾ ಆಜ್ಮಿ. ಕಿರಿಯವಳು ಸೀತಾ, ನಂದಿತಾ ದಾಸ್. ಸಂಗೀತ ಎ.ಆರ್. ರೆಹಮಾನ್.

ರಾಧಾಳಿಗೆ ಮಕ್ಕಳಾಗಲ್ಲ. ಅದಕ್ಕೆ ಗಂಡ ಅಶೋಕ್ ಒಬ್ಬ ಸ್ವಾಮೀಜಿಯ ಶಿಷ್ಯನಾಗಿ ಬ್ರಹ್ಮಚರ್ಯ ಹಿಡಿದಿದ್ದಾನೆ. ವರ್ಷಗಟ್ಟಲೆ. ಅಷ್ಟಕ್ಕೇ ಬಿಡಲ್ಲ, ತನ್ನ ಮನಸ್ಸು ಗಟ್ಟಿಯಿದೆಯಾ ಅಂತ ಪರೀಕ್ಷೆ ಮಾಡೋಕೆ ಹೆಂಡತಿಯನ್ನ ಪಕ್ಕದಲ್ಲಿ ಮಲಗಿಸ್ಕೊಂಡು ಮುಟ್ಟದೇ ಇರ್ತಾನೆ. ವ್ರತ ಅವನದ್ದು, ಉಪವಾಸ ಅವಳದ್ದು. ಕಿರಿಯ ತಮ್ಮನಿಗೆ ಹೊರಗೆ ಬೇರೆ ಪ್ರೇಯಸಿ ಇದ್ದಾಳೆ, ಮದುವೆ ಮನೆಯವರ ಒತ್ತಾಯಕ್ಕೆ. ಮಾತು ನಿಂತುಹೋದ ಅತ್ತೆ ಗಂಟೆ ಬಾರಿಸಿ ಎಲ್ಲರನ್ನ ಕರೀತಾಳೆ.

ಗಂಡನ ಆಯುಷ್ಯಕ್ಕೆ ಅಂತ ಕರವಾ ಚೌತ್ ಉಪವಾಸ ಮಾಡೋ ಇಬ್ಬರು ಹೆಂಗಸರು, ಗಂಡಂದಿರು ತಿರುಗಿಯೂ ನೋಡದ ಆ ಮನೆಯಲ್ಲಿ, ಒಬ್ಬರನ್ನೊಬ್ಬರು ನೋಡ್ತಾರೆ. ಅಲ್ಲಿಂದ ಪ್ರೀತಿ.

ಗಮನಿಸಿ, ಸಿನಿಮಾ ದೇವರನ್ನ ಬೈಯಲ್ಲ. ದೇವರ ಹೆಸರು ಹೇಳಿಕೊಂಡು ಮನೆ ಹೆಂಗಸರನ್ನ ಒಣಗಿಸೋ ಗಂಡಸನ್ನ ತೋರಿಸುತ್ತೆ.

ಕೊನೆಯಲ್ಲಿ ಗಂಡನ ಜೊತೆ ಜಗಳ ನಡೆದಾಗ ಅಡುಗೆಮನೆಯ ಒಲೆಯಿಂದ ರಾಧಾಳ ಸೀರೆಗೆ ಬೆಂಕಿ ಹತ್ತುತ್ತೆ. ಗಂಡ ಅವಳನ್ನ ಬಿಟ್ಟು ತಾಯಿಯನ್ನ ಎತ್ತಿಕೊಂಡು ಹೋಗ್ತಾನೆ. ಅಗ್ನಿಪರೀಕ್ಷೆ ಅನ್ನೋದು ನಮಗೆ ಗೊತ್ತಿರೋ ಕಥೆ. ಆದರೆ ರಾಧಾ ಸಾಯಲ್ಲ. ಬೆಂಕಿ ದಾಟಿ, ಮಳೆಯಲ್ಲಿ ನೆನೆದು, ನಿಜಾಮುದ್ದೀನ್ ದರ್ಗಾದಲ್ಲಿ ಕಾಯ್ತಿರೋ ಸೀತಾಳ ಹತ್ತಿರ ಬರ್ತಾಳೆ.

ಬೆಟ್ಟ ಇಲ್ಲ, ಹೆಣ ಇಲ್ಲ. ಇಬ್ಬರು ಹೆಂಗಸರು ಜೀವಂತ ಕೂತಿದ್ದಾರೆ, ಅದೂ ದರ್ಗಾದಲ್ಲಿ. ನಾಗರಹಾವಿಗೆ ಅತ್ತ ಹಾಗೆ ಅತ್ತು ಮನೆಗೆ ಹೋಗೋ ಸೌಲಭ್ಯವನ್ನ ಈ ಸಿನಿಮಾ ಕೊಡಲಿಲ್ಲ.

ಭಾಗ 5/8

ಈಗ ದಿನಾಂಕಗಳನ್ನ ಸರಿಯಾಗಿ ನೋಡೋಣ. ಉತ್ತರ ಇರೋದೇ ಇಲ್ಲಿ.

ಸೆನ್ಸಾರ್ ಮಂಡಳಿ ಒಂದೂ ಕಟ್ ಹೇಳದೆ ವಯಸ್ಕರ ಸರ್ಟಿಫಿಕೇಟ್ ಕೊಟ್ಟಿತು. 1998ರ ನವೆಂಬರ್‌ನಲ್ಲಿ ಭಾರತದಲ್ಲಿ ಬಿಡುಗಡೆ. ಸುಮಾರು ಮೂರು ವಾರ ಸಿನಿಮಾ ನಡೀತು. ಜನ ಬಂದ್ರು. ತುಂಬಿದ ಹಾಲ್‌ಗಳಲ್ಲಿ ನಡೀತು. ಮೂರು ವಾರ ಗಾಜು ಒಡೆಯಲಿಲ್ಲ.

ಒಳಗೆ ಕೂತವರೆಲ್ಲ ಮೆಚ್ಚಿದ್ರು ಅಂತ ನಾನು ಹೇಳ್ತಿಲ್ಲ. ಕೆಲವರು ಮುಜುಗರಪಟ್ಟಿರ್ತಾರೆ, ಕೆಲವರು ಇನ್ನೇನೋ ನೋಡೋಕೆ ಬಂದು ನಿರಾಸೆಪಟ್ಟಿರ್ತಾರೆ. ಸ್ತ್ರೀವಾದಿಗಳಲ್ಲೇ ಜಗಳ ಇತ್ತು: ಗಂಡ ಸರಿಯಿಲ್ಲದ್ದಕ್ಕೆ ಹೆಂಗಸು ಹೆಂಗಸನ್ನ ಪ್ರೀತಿಸ್ತಾಳೆ ಅನ್ನೋ ಹಾಗೆ ತೋರಿಸಿದ್ದು ಸರಿಯಾ ಅಂತ. ಒಳ್ಳೆ ಪ್ರಶ್ನೆಯೇ. ಪ್ರೇಕ್ಷಕರ ಪ್ರತಿಕ್ರಿಯೆ ಅಂದ್ರೆ ಹೀಗಿರುತ್ತೆ, ನೋಡಿದವರ ತಕರಾರು.

ಡಿಸೆಂಬರ್ 2. ಮುಂಬೈನ ಗೋರೆಗಾಂವ್‌ನ ಸಿನಿಮ್ಯಾಕ್ಸ್‌ಗೆ ಸುಮಾರು ಇನ್ನೂರು ಜನ ಶಿವಸೇನೆ ಕಾರ್ಯಕರ್ತರು ನುಗ್ಗಿದ್ರು. ಗಾಜು ಪುಡಿ, ಪೋಸ್ಟರ್‌ಗೆ ಬೆಂಕಿ. ಡಿಸೆಂಬರ್ 3, ದೆಹಲಿಯ ರೀಗಲ್ ಟಾಕೀಸು. ಸೂರತ್, ಪುಣೆಯಲ್ಲೂ ಗಲಾಟೆ. ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಮನೋಹರ ಜೋಶಿಯವರೇ ದಾಳಿ ಮಾಡಿದವರನ್ನ ಅಭಿನಂದಿಸಿದ್ರು. ಇದು ನಮ್ಮ ಸಂಸ್ಕೃತಿಗೆ ಹೊರಗಿನದ್ದು ಅನ್ನೋದು ಅವರ ವಾದ.

ಇನ್ನು ಕಲ್ಕತ್ತಾ. ಅಲ್ಲೂ ಒಂದು ಸಣ್ಣ ಗುಂಪು ಷೋ ನಿಲ್ಲಿಸೋಕೆ ಬಂತು. ಟಿಕೆಟ್ ಹರಿಯೋ ಹುಡುಗರೂ ಪ್ರೇಕ್ಷಕರೂ ಸೇರಿ ಅವರನ್ನ ಹಿಮ್ಮೆಟ್ಟಿಸಿದ್ರು. ಸಿನಿಮಾ ಮುಂದುವರೀತು.

ಈ ಕೊನೆಯ ಸಂಗತಿಯನ್ನ ಇನ್ನೊಂದು ಸಲ ಓದಿ. ಹೆಂಗಸರಿಬ್ಬರ ಪ್ರೀತಿಯ ಸಿನಿಮಾವನ್ನ ಉಳಿಸೋಕೆ ಸೀಟಿನಿಂದ ಎದ್ದವರು ಪ್ರೇಕ್ಷಕರು. ಈ ದೇಶದವರೇ. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗಾಜು ಒಡೆದದ್ದು ಮಾತ್ರ ಎಲ್ಲರಿಗೂ ಗೊತ್ತು.

ಭಾಗ 6/8

ಕೋಪ ಯಾವುದಕ್ಕೆ ಅಂತ ಇನ್ನೂ ಹತ್ತಿರದಿಂದ ನೋಡಿದ್ರೆ ಎರಡು ಹೆಸರು ಸಿಗುತ್ತೆ. ರಾಧಾ ಮತ್ತು ಸೀತಾ. ಪಾತ್ರಗಳಿಗೆ ಮುಸ್ಲಿಂ ಹೆಸರು ಇಟ್ಟರೆ ನಮ್ಮ ತಕರಾರಿಲ್ಲ ಅನ್ನೋ ಮಾತು ವಿರೋಧಿಸಿದ ಕಡೆಯಿಂದಲೇ ಬಂದದ್ದು ಆಗ ಸುದ್ದಿಯಾಗಿತ್ತು. ಹಿಂದಿ ಆವೃತ್ತಿಯಲ್ಲಂತೂ ಸೀತಾ ಅನ್ನೋದನ್ನ ಮೊದಲೇ ನೀತಾ ಅಂತ ಮಾಡಿದ್ರು.

ಅಂದ್ರೆ ಪಾಪ ಆಗಿದ್ದು ಪ್ರೀತಿಯಲ್ಲಾ, ಹೆಸರಲ್ಲಾ? ಹೆಸರು ಬದಲಿಸಿದ್ರೆ ಸರಿಹೋಗೋ ಅಪಚಾರ ಎಂಥ ಅಪಚಾರ? ನಮ್ಮಲ್ಲಿಲ್ಲ, ಅವರಲ್ಲಿದೆ ಅಂತ ತೋರಿಸಿ ಅನ್ನೋದಷ್ಟೇ ಬೇಡಿಕೆ. ಪೂರ್ವಗ್ರಹ ಅನ್ನೋದಕ್ಕೆ ಇದಕ್ಕಿಂತ ಸಲೀಸಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಸಿನಿಮಾವನ್ನ ಮತ್ತೆ ಸೆನ್ಸಾರ್ ಮಂಡಳಿಗೆ ಕಳಿಸಿದ್ರು. ದೀಪಾ ಮೆಹ್ತಾ, ದಿಲೀಪ್ ಕುಮಾರ್, ಮಹೇಶ್ ಭಟ್ ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದ್ರು. ಅದಕ್ಕೆ ದಿಲೀಪ್ ಕುಮಾರ್ ಮನೆ ಮುಂದೆ ಗಂಡಸರು ಒಳಚಡ್ಡಿಯಲ್ಲಿ ಕೂತು ಪ್ರತಿಭಟನೆ ಮಾಡಿದ್ರು. ಸಂಸ್ಕೃತಿ ಉಳಿಸೋ ರೀತಿ!

ಆದರೆ ಡಿಸೆಂಬರ್ 7ರಂದು ದೆಹಲಿಯಲ್ಲಿ ಇನ್ನೊಂದು ಗುಂಪು ಸೇರಿತು, ಮೇಣದಬತ್ತಿ ಹಿಡಿದು. ಆ ಗುಂಪಿನಲ್ಲಿ ಕೆಲವು ಹೆಂಗಸರ ಕೈಯಲ್ಲಿದ್ದ ಫಲಕದ ಅರ್ಥ ಇಷ್ಟು: ನಾನು ಭಾರತೀಯಳು, ನಾನು ಲೆಸ್ಬಿಯನ್. ಎರಡೂ ಒಟ್ಟಿಗೆ. ನಡುಬೀದಿಯಲ್ಲಿ, ಕ್ಯಾಮೆರಾಗಳ ಮುಂದೆ ಮುಖ ಮುಚ್ಚದೆ ಹಾಗೆ ನಿಲ್ಲೋಕೆ 1998ರಲ್ಲಿ ಎಷ್ಟು ಗುಂಡಿಗೆ ಬೇಕಿತ್ತು ಯೋಚನೆ ಮಾಡಿ. ಈ ಹೋರಾಟದಿಂದಲೇ ದೆಹಲಿಯಲ್ಲಿ ಲೆಸ್ಬಿಯನ್ ಹಕ್ಕುಗಳ ಅಭಿಯಾನ ಹುಟ್ಟಿತು. ಗಾಜು ಒಡೆದವರು ಯಾವ ಮಾತು ಹೊರಗೆ ಬರಬಾರದು ಅಂದಿದ್ದರೋ, ಆ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂತು.

1999ರ ಫೆಬ್ರವರಿಯಲ್ಲಿ ಮಂಡಳಿ ಮತ್ತೆ ಹೇಳಿತು: ಒಂದೂ ಕಟ್ ಬೇಡ. ಅದೇ ತಿಂಗಳು ಸಿನಿಮಾ ಮತ್ತೆ ಟಾಕೀಸಿಗೆ ಬಂತು. ಗಲಾಟೆ ಆಗಲಿಲ್ಲ. ಡಿಸೆಂಬರ್‌ನಲ್ಲಿ ಅಷ್ಟು ಉರಿದ "ಜನರ ಭಾವನೆ" ಫೆಬ್ರವರಿಯಲ್ಲಿ ಎಲ್ಲಿ ಹೋಯ್ತು?

ಭಾಗ 7/8

ಇದೆಲ್ಲ ದೆಹಲಿ ಮಾತಾಯ್ತು, ನಮ್ಮ ಕಡೆ ಏನು ಅಂತ ನೀವು ಕೇಳ್ತೀರಿ. ಬನ್ನಿ.

ಎಲ್ಲಮ್ಮನ ಜಗ ಹೊತ್ತು, ಚೌಡಿಕೆ ನುಡಿಸ್ತಾ ಮನೆ ಮುಂದೆ ಬರೋ ಜೋಗಪ್ಪಗಳನ್ನ ಬಳ್ಳಾರಿ, ಹೊಸಪೇಟೆ ಸೀಮೆಯಲ್ಲಿ ನೋಡದವರು ಯಾರು? ಗಂಡಾಗಿ ಹುಟ್ಟಿ ಸೀರೆ ಉಟ್ಟವರು. ಮರದ ತುಂಬ ಅಕ್ಕಿ ತಂದು ಕೊಡ್ತೀವಿ, ಕಾಲಿಗೆ ಬೀಳ್ತೀವಿ. ನಮ್ಮ ಭಕ್ತಿಯೊಳಗೆ ಅವರಿಗೆ ಜಾಗ ಇದೆ. ಆದರೆ ಅದು ದೇವಿಯ ಜಾಗ. ಅದೇ ಕೂಸು ನಮ್ಮ ಮನೆಯಲ್ಲಿ ಹುಟ್ಟಿದ್ರೆ ಹೊಸ್ತಿಲೊಳಗೆ ಜಾಗ ಇದೆಯಾ? ಕುರುಗೋಡು ಕಡೆ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಮನೆ ಬಿಟ್ಟು, ವಿಷ ಕುಡಿದು ಬದುಕಿ, ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರಿಂದ ಕುಣಿತ ಕಲಿತ ಮಂಜಮ್ಮ ಜೋಗತಿಯವರ ಬದುಕೇ ಇದಕ್ಕೆ ಸಾಕ್ಷಿ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆಯಾದ್ರು, 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳಿಗೆ ಸೆರಗಿನಿಂದ ನಿವಾಳಿಸಿದ ವಿಡಿಯೋ ನೀವೂ ಶೇರ್ ಮಾಡಿರ್ತೀರಿ.

ಒಂದು ಮಾತು ಸ್ಪಷ್ಟವಾಗಿರಲಿ. ಟ್ರಾನ್ಸ್‌ಜೆಂಡರ್ ಬೇರೆ, ಗೇ ಬೇರೆ. ತಾನು ಯಾರು ಅನ್ನೋದು ಒಂದು, ಯಾರ ಮೇಲೆ ಮನಸ್ಸು ಅನ್ನೋದು ಇನ್ನೊಂದು. ನಮ್ಮೂರ ಬೈಗುಳ ಮಾತ್ರ ಎರಡಕ್ಕೂ ಒಂದೇ.

ಸಿನಿಮಾಗೆ ಬಂದ್ರೆ, 2015ರಲ್ಲಿ ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ಬಂತು. ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧಾರ. ಸಂಚಾರಿ ವಿಜಯ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. 2021ರ ಜೂನ್‌ನಲ್ಲಿ ಅವರು ಬೈಕ್ ಅಪಘಾತದಲ್ಲಿ ಹೋದಾಗ ಅಂಗಾಂಗ ದಾನ ಮಾಡಿದ್ರು. ಇಡೀ ಕರ್ನಾಟಕ ಅತ್ತಿತು.

ಇನ್ನೂ ಹತ್ತಿರ ಬನ್ನಿ. ಮೊಳಕಾಲ್ಮೂರಿನಿಂದ ಉತ್ತರಕ್ಕೆ ಗಣಿಯ ಸೀಮೆ ಸಂಡೂರು. ಅಲ್ಲಿ ಹುಟ್ಟಿದ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನ ತಂದ್ರು. ಗಂಡಸನ್ನ ಪ್ರೀತಿಸೋ ಗಂಡಸಿನ ಕಥೆಗಳು, ನಮ್ಮದೇ ಕನ್ನಡದಲ್ಲಿ. ತಾನೂ ಗೇ ಅಂತ ಲೇಖಕರು ಬಚ್ಚಿಡಲಿಲ್ಲ. ಓದುಗರು ಪುಸ್ತಕ ಸುಡಲಿಲ್ಲ, ಕೊಂಡು ಓದಿದ್ರು. ಮತ್ತೆ ಮತ್ತೆ ಮುದ್ರಣ ಆಯ್ತು. ಮೆಸೇಜ್ ಮಾಡಿದ ಗೆಳೆಯರೇ, ನಿಮ್ಮ ಇತಿಹಾಸ ಇಲ್ಲಿಂದ ಬಹಳ ದೂರ ಏನಿಲ್ಲ.

ಭಾಗ 8/8

ಕೊನೆಯ ಭಾಗ. ಕಾನೂನಿನ ಕಥೆ ಚಿಕ್ಕದಾಗಿ ಹೇಳಿ ಬ್ರಹ್ಮಗಿರಿ ಹತ್ತೋಣ.

ಸೆಕ್ಷನ್ 377 ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯದ್ದು. 2009ರಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂದಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮುಸ್ಲಿಂ ಸಂಸ್ಥೆ, ಕ್ರೈಸ್ತ ಸಂಸ್ಥೆ, ಒಬ್ಬ ಜ್ಯೋತಿಷಿ ಎಲ್ಲರೂ ಇದ್ದರು. ರಾಮಾಚಾರಿ ಮಾರ್ಗರೆಟ್ ಮದುವೆಗೆ ಎಂದೂ ಒಂದಾಗದ ಕಡೆಯವರು ಇದಕ್ಕೆ ಒಂದಾದ್ರು! 2013ರ ಡಿಸೆಂಬರ್ 11ಕ್ಕೆ ಸೆಕ್ಷನ್ ವಾಪಸ್ ಬಂತು. ಮೋಹನಸ್ವಾಮಿ ಬಂದ ವರ್ಷವೇ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನ ವಯಸ್ಕರ ಒಪ್ಪಿಗೆಯ ಸಂಬಂಧದ ಮಟ್ಟಿಗೆ ತೆಗೆದುಹಾಕಿತು. ಅದೇ 2018ರಲ್ಲಿ 'ನಾಗರಹಾವು' ಹೊಸ ರೂಪದಲ್ಲಿ ಮತ್ತೆ ಟಾಕೀಸಿಗೆ ಬಂದಿತ್ತು, ಜನ ಮತ್ತೆ ಅತ್ತರು. ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್ ತೀರ್ಪಿನಲ್ಲೂ ಸಿಗಲಿಲ್ಲ. ಬದುಕಬಹುದು, ಕಾನೂನಿನ ಮುಂದೆ ಮದುವೆಯಾಗೋ ಹಾಗಿಲ್ಲ. ಬಾಡಿಗೆ ಮನೆಯ ಪ್ರಶ್ನೆ ಇನ್ನೂ ಹಾಗೇ ಇದೆ.

ಈ ಭಾಗದ ಫೋಟೋ ಬ್ರಹ್ಮಗಿರಿಯ ಬಂಡೆ. ಮೊಳಕಾಲ್ಮೂರು ತಾಲ್ಲೂಕು, ಸಿದ್ದಾಪುರದ ಹತ್ತಿರ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ. ನಮ್ಮ ಸೀಮೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು, ಕೆತ್ತಿಸಿದ ಲಿಪಿಕಾರ ಚಪಡ. ಅದರಲ್ಲಿ ಇರೋದರ ಸಾರ ಇಷ್ಟು: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ನಿಜ ಹೇಳಬೇಕು, ಗುರುಗಳನ್ನ ಗೌರವಿಸಬೇಕು, ನೆಂಟರಿಷ್ಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಇದು ಪುರಾತನ ರೀತಿ ಅಂತಲೂ ಶಾಸನವೇ ಹೇಳುತ್ತೆ.

"ನಮ್ಮ ಸಂಸ್ಕೃತಿಯಲ್ಲಿ ಇಲ್ಲ" ಅನ್ನೋರಿಗೆ ಈ ಬಂಡೆ ತೋರಿಸ್ತೀನಿ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಪಟ್ಟಿ ಇದು. ಯಾರು ಯಾರನ್ನ ಪ್ರೀತಿಸಬೇಕು ಅನ್ನೋದು ಇದರಲ್ಲಿ ಇಲ್ಲ.

ಆದರೆ ಮೆಸೇಜ್ ಮಾಡಿದ ಗೆಳೆಯರಿಗೆ ಸುಳ್ಳು ಸಮಾಧಾನ ಹೇಳಲಾರೆ. ಪಟ್ಟಿಯಲ್ಲಿ ತಂದೆತಾಯಿಯ ಮಾತೂ ಇದೆ, ನಿಜ ಹೇಳೋದೂ ಇದೆ. ನಿಮಗೆ ಆ ಎರಡೂ ಒಂದೇ ಮನೆಯಲ್ಲಿ ಎದುರುಬದುರು ನಿಂತಿವೆ. ಗಾಜು ಒಡೆಯೋ ಗುಂಪಿಗಿಂತ ಅಮ್ಮನ ಕಣ್ಣೀರು ದೊಡ್ಡದು ಅಂತ ನೀವೇ ಹೇಳಿದ್ರಿ. ಅದಕ್ಕೆ ಈ ಸರಣಿಯ ಕೊನೆ ಮಾತು ನಿಮಗಲ್ಲ, ಓದ್ತಿರೋ ಅಪ್ಪ ಅಮ್ಮಂದಿರಿಗೆ, ಮೇಷ್ಟ್ರುಗಳಿಗೆ. ಅದೇ ಬಂಡೆಯಲ್ಲಿ ದಯೆ ಅಂತಲೂ ಬರೆದಿದೆ, ಅದು ಗಟ್ಟಿಯಾಗಿರಬೇಕು ಅಂತ ಬರೆದಿದೆ. ಸತ್ತವರಿಗೆ ಅಳೋದು ನಮಗೆ ಚೆನ್ನಾಗಿ ಬರುತ್ತೆ. ಬದುಕಿರೋ ಮಗ ಬಂದು ಎದುರು ಕೂತಾಗ ತಟ್ಟೆ ಹಾಕಿ ಊಟಕ್ಕೆ ಕರೆಯಿರಿ.

ಇನ್ನು "ಜನ ಒಪ್ಪೋದೇ ಇಲ್ವಾ ಅಣ್ಣಾ" ಅನ್ನೋ ಪ್ರಶ್ನೆ. ಮೂರು ವಾರ ತುಂಬಿದ ಟಾಕೀಸು, ಕಲ್ಕತ್ತಾದಲ್ಲಿ ಸೀಟಿನಿಂದ ಎದ್ದವರು, ಮೋಹನಸ್ವಾಮಿ ಕೊಂಡು ಓದಿದವರು. ಇವರೂ ಜನವೇ ಕಣ್ರಿ. ಸದ್ದು ಮಾಡಲ್ಲ, ಅಷ್ಟೇ.

ಸರಣಿ ಮುಗೀತು. ಬೇಕು ಅನಿಸಿದವರಿಗೆ ಕಳಿಸಿ.

#ಚಳ್ಳಕೆರೆ #ಮೊಳಕಾಲ್ಮೂರು #ತಳುಕು #ಬ್ರಹ್ಮಗಿರಿ #ನಾಗರಹಾವು #ಫೈರ್ #ಮೋಹನಸ್ವಾಮಿ #ನಮ್ಮೂರಇತಿಹಾಸ